ಹಸಿ ವಾಸನೆ ಹೋಗುವ ಹೊತ್ತು

ದುರಿಯನ್ ಹಣ್ಣಿನ ಅಂಗಡಿ ಕಣ್ಣಿಗೆ ಬಿದ್ದ ಮೇಲೆಯೇ ಮೈಥಿಲಿಗೆ ತಿಳಿದದ್ದು, ತನ್ನ ಮೂಗು ಹೋಗಿದೆ ಎಂದು. ಸಿಂಗಪುರದ ಸೆರಂಗೂನಿನ ರಸ್ತೆಬದಿಯಲ್ಲಿ ಮುಳ್ಳುಹಣ್ಣುಗಳ ಗುಡ್ಡೆ, ಸೀಳಿ ಕೊಡುತ್ತಿರುವ ಮುದುಕ, ಸುತ್ತ ಜನ. ತಿರುವಿನಾಚೆಯೇ ಮೂಗಿಗೆ ಬಡಿಯಬೇಕಾದ ಹಣ್ಣು. ಅವಳು ಅದರ ಮುಂದೆ ನಿಂತು ಉಸಿರೆಳೆದಳು. ಬೆಚ್ಚಗಿನ ಗಾಳಿ ಒಳಗೆ ಬಂತು, ಅಷ್ಟೆ. ಜ್ವರ, ನೆಗಡಿ ಎಲ್ಲ ಬಿಟ್ಟು ಎಷ್ಟೋ ದಿನವಾಗಿತ್ತು.

ಮೂಗೇ ಅವಳಿಗೆ ಅನ್ನ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಹಾಲನ್ನು ಮೂಸಿಯೇ ಇದು ಕಾಯಿಸಿದರೆ ಒಡೆಯುತ್ತದೆ ಎನ್ನುತ್ತಿದ್ದಳು; ವಠಾರದವರು ತಂಬಿಗೆ ಹಿಡಿದು ಬರುತ್ತಿದ್ದರು. ಆಹಾರ ವಿಜ್ಞಾನ ಓದಿದಳು, ಮದುವೆಯಾಗಿ ಸಿಂಗಪುರಕ್ಕೆ ಬಂದಳು, ಅಲ್ಲಿನ ಒನ್-ನಾರ್ತ್ ಬಡಾವಣೆಯಲ್ಲಿ ಎಸೆನ್ಸು ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸ ಹಿಡಿದಳು. ಕಾಗದದ ಪಟ್ಟಿಗಳನ್ನು ಮೂಸಿ, ಈ ಮಾವು ಹಳತು, ಈ ವೆನಿಲ್ಲಾ ಸರಿಯಿದೆ ಎಂದು ಹೇಳುವುದೇ ಕೆಲಸ. ಅಲ್ಲಿ ಆಗಾಗ ಎಲ್ಲರ ಮೂಗಿಗೂ ಪರೀಕ್ಷೆ ಇರುತ್ತದೆ. ನೆಗಡಿ ಬಿಟ್ಟಿಲ್ಲವೆಂದು ರಜೆ ಹಾಕಿ ಅವಳು ತಪ್ಪಿಸಿಕೊಂಡಿದ್ದಳು. ಬರುವ ಸೋಮವಾರ ತಪ್ಪಿಸಿಕೊಳ್ಳುವಂತಿರಲಿಲ್ಲ.

ಡಾಕ್ಟರ ಬಳಿ ಹೋಗಿರಲಿಲ್ಲ. ವಾಸನೆ ಇನ್ನು ಬರುವುದಿಲ್ಲ ಎಂದುಬಿಟ್ಟರೆ? ಗಂಡ ಸುಘೋಷನಿಗೂ ಹೇಳಿರಲಿಲ್ಲ. ಬಾಯಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಬೆಳಿಗ್ಗೆ ಕಾಫಿ ಡಬ್ಬಿಯ ಮುಚ್ಚಳ ತೆಗೆದು ಮುಖ ಒಳಗಿಟ್ಟು ನಿಲ್ಲುತ್ತಿದ್ದಳು. ಹೆಜ್ಜೆ ಸಪ್ಪಳ ಕೇಳಿದರೆ ಮುಚ್ಚಿಬಿಡುತ್ತಿದ್ದಳು.

ಸುಘೋಷ ವಾರವೆಲ್ಲ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕಿನ ಕಂಪ್ಯೂಟರುಗಳನ್ನು ಕಾಯುವವನು, ತಿಂಗಳಿಗೊಂದು ಭಾನುವಾರ ಮನೆಯಲ್ಲಿ ಬಿಯರ್ ಮಾಡುವವನು. ಮೊಳಕೆ ಬಾರ್ಲಿಯ ಮಾಲ್ಟಿನ ಪಾಕವನ್ನು ನೀರಿನಲ್ಲಿ ಕರಗಿಸಿ ಕುದಿಸಬೇಕು. ಹಾಪ್ಸ್ ಎಂಬ ಹೂವನ್ನು ಒಣಗಿಸಿ ಒತ್ತಿದ ಹಸಿರು ಗುಳಿಗೆಗಳನ್ನು ಹೊತ್ತು ನೋಡಿ ಹಾಕಬೇಕು. ಕುದಿ ಬಂದಾಗಲೇ ಹಾಕಿದ್ದು ಗಂಟೆಹೊತ್ತು ಬೆಂದು ಕಹಿ ಬಿಡುತ್ತದೆ, ಅದರ ಪರಿಮಳ ಆವಿಯಲ್ಲಿ ಹೋಗಿಬಿಡುತ್ತದೆ. ಪರಿಮಳ ಬೇಕಾದರೆ ಇನ್ನೊಂದು ಹಿಡಿಯನ್ನು ಒಲೆ ಆರಿಸುವ ಹೊತ್ತಿಗೆ ಹಾಕಬೇಕು. ಬೇರೆಯವರು ಇದಕ್ಕೆ ಗಡಿಯಾರ ನೋಡುತ್ತಾರೆ. ಈ ಮನೆಯಲ್ಲಿ ಹಾಗಲ್ಲ. ಸಾರಿನ ಪುಡಿಯ ಹಸಿ ವಾಸನೆ ಹೋದ ಮೇಲೆ ಒಗ್ಗರಣೆ ಹಾಕುವಂತೆ, ಮಾಲ್ಟಿನ ಹಸಿ ವಾಸನೆ ಹೋಗುವ ಹೊತ್ತನ್ನು ಮೈಥಿಲಿ ಸೋಫಾದ ಮೇಲೆ ಕೂತೇ ಹಿಡಿದು "ಈಗ" ಎನ್ನುತ್ತಿದ್ದಳು. ಸುಘೋಷ ಕೊನೆಯ ಹಿಡಿ ಹಾಕುತ್ತಿದ್ದ. ಅವರ ಬಿಯರು ಕೆಟ್ಟದ್ದೇ ಇಲ್ಲ.

ಆ ಭಾನುವಾರ ಕೆಳಗಿನ ಮನೆಯ ಪಟ್ಟಾಭಿರಾಮ ಅಂಕಲ್ ಬಂದು ಕೂತರು.

"ನಾನು ಕುಡಿಯೋನಲ್ಲಪ್ಪ. ಘಮ ತಗೊಂಡು ಹೋಗೋಣ ಅಂತ ಬಂದೆ."

"ಹೋದ ಸಲ ಎರಡು ಬಾಟ್ಲಿ ತಗೊಂಡು ಹೋದ್ರಲ್ಲ ಅಂಕಲ್?"

"ಅದು ನಿಮ್ಮ ಆಂಟಿ ಕೂದಲಿಗೆ ಹಚ್ಕೊಳ್ಳೋಕೆ ಕಣೋ. ಶೈನಿಂಗ್ ಬರತ್ತಂತೆ."

ಮೈಥಿಲಿಯೂ ನಕ್ಕಳು. ಕುದಿ ಬಂತು, ಮೊದಲ ಹಿಡಿ ಬಿತ್ತು, ನೊರೆ ಉಕ್ಕಿ ಇಳಿಯಿತು. "ಮೈಥು, ನೋಡ್ಕೋತಿರು, ನಾವು ಬಾಟ್ಲಿ ತೊಳೀತೀವಿ," ಎಂದು ಸುಘೋಷ ಅಂಕಲ್‌ರನ್ನು ಕರೆದುಕೊಂಡು ಹಿಂದೆ ಬಟ್ಟೆ ಒಗೆಯುವ ಪುಟ್ಟ ಯಾರ್ಡಿಗೆ ಹೋದ.

ಅವಳು ಫೋನಿನಲ್ಲಿ ಸದ್ದಿಲ್ಲದ ಟೈಮರ್ ಹಚ್ಚಿ ಸೆರಗಿನ ಮರೆಯಲ್ಲಿ ಹಿಡಿದಳು. ಈ ಸಲ ಹೇಗೋ ದಾಟಿದರೆ ಸಾಕು. ಚಮಚದಲ್ಲಿ ಸ್ವಲ್ಪ ತೆಗೆದು ಆರಿಸಿ ನಾಲಗೆಗಿಟ್ಟಳು. ಕಹಿ ಇತ್ತು, ಚೊಕ್ಕವಾಗಿ ಇತ್ತು. ಕೊನೆಯ ಹಿಡಿಯ ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದಳು. ಇದರಲ್ಲಿ ಕಿತ್ತಳೆ ಸಿಪ್ಪೆ, ಮಳೆಗೆ ನೆನೆದ ಹುಲ್ಲು ಇರಬೇಕಿತ್ತು. ಹೊಸ್ತಿಲಿನಲ್ಲಿ ನಿಂತು ಕತ್ತಲ ಕೋಣೆಯೊಳಗೆ ಯಾರನ್ನೋ ಕೂಗಿದ ಹಾಗಾಯಿತು, ಒಳಗಿನಿಂದ ಓಗೊಡುವವರಿಲ್ಲ. ಆಮೇಲೆ ಅವಳು ಪಾತ್ರೆ ನೋಡಲಿಲ್ಲ, ಕದಡಲಿಲ್ಲ. ಅಂಕಿಗಳನ್ನೇ ನೋಡುತ್ತ ನಿಂತಳು.

"ಸುಘೋಷ್, ಈಗ," ಎಂದು ಕೂಗಿದಳು.

ಅವನು ಒದ್ದೆ ಕೈಯಲ್ಲೇ ಬಂದವನು ಬಾಗಿಲಲ್ಲಿ ನಿಂತುಬಿಟ್ಟ. ಹಿಂದಿನಿಂದ ಅಂಕಲ್, "ಏನಮ್ಮಾ, ತಳ ಹತ್ತಿ ಸೀದು ಹೋಗಿದ್ಯಲ್ಲ. ವಾಸನೆ ಅಲ್ಲಿಂದ ಬರ್ತಿದೆ ಅಂತ ಆಗ್ಲಿಂದ ನಮ್ಮಿಬ್ಬರ ಕಣ್ಣೂ ಪಕ್ಕದ್ಮನೆ ಕಿಟಕಿ ಮೇಲೇ ಇತ್ತು," ಎಂದರು.

ಸುಘೋಷ ಮೊದಲು ನಕ್ಕ. ಆಮೇಲೆ ಅವಳ ಕೈಯಲ್ಲಿದ್ದ ಫೋನು ನೋಡಿದ, ಮುಖ ನೋಡಿದ. ಮುಂದೆ ಬಂದು ಒಲೆ ಆರಿಸಿದ. ಅಂಕಲ್ ಏನೋ ಅರ್ಥವಾದವರಂತೆ, "ನಾನು ಸಂಜೆ ಬರ್ತೀನಪ್ಪ," ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು.

"ಯಾವಾಗಿಂದ?"

"ಜ್ವರ ಬಂದಾಗಿಂದ. ವಾಸನೆ ಪೂರ್ತಿ ಹೋಗಿದೆ. ಈಗ ಗ್ಯಾಸ್ ಲೀಕ್ ಆಗಿದ್ರೂ ಹೀಗೇ ನಿಂತಿರ್ತಿದ್ದೆ."

"ನನಗೆ ಹೇಳೋದಲ್ವಾ?"

"ಹೇಳಿದ್ರೆ ಸರಿ ಹೋಗತ್ತೆ ಬಿಡು ಅಂತಿದ್ದೆ ನೀನು. ಆಮೇಲೆ ಸರಿ ಹೋಗ್ದೇ ಇದ್ರೆ?"

ಅದನ್ನೇ ಹೇಳಲು ಬಾಯಿ ತೆರೆದಿದ್ದ ಸುಘೋಷ ಹತ್ತಿರ ಬಂದ. ಅವಳ ಬೆನ್ನ ಮೇಲೆ ಕೈಯಿಟ್ಟ.

ಸೋಮವಾರ ಬೆಳಿಗ್ಗೆ ಅವಳು ಆಫೀಸಿನ ಮೇಲಧಿಕಾರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಡಾಕ್ಟರು ಏನನ್ನುತ್ತಾರೋ ನೋಡೋಣ ಎಂಬ ಉತ್ತರ ಬಂತು. ಎಷ್ಟು ದಿನ ನೋಡುತ್ತಾರೆ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಸ್ಪಿರಿಟ್ಟಿನ ವಾಸನೆಯಿಲ್ಲದ ಆಸ್ಪತ್ರೆ ಬಣ್ಣ ಬಳಿದ ಚಿತ್ರದಂತಿತ್ತು, ತಾನು ಅದರೊಳಗೆ ಇದ್ದೇನೆ ಎಂದೇ ಅವಳಿಗೆ ಅನ್ನಿಸಲಿಲ್ಲ. ಅವಳ ನಂಬರು ಬೋರ್ಡಿನ ಮೇಲೆ ಬಂದಾಗ ಸುಘೋಷನೇ ಮೊದಲು ಎದ್ದ.

"ನೀನು ಇಲ್ಲೇ ಕೂತಿರು," ಎಂದಳು ಮೈಥಿಲಿ. "ಮೊದಲು ನಾನೊಬ್ಳೇ ಕೇಳಿಸ್ಕೋತೀನಿ."

ಡಾಕ್ಟರ ಕೋಣೆಯ ಬಾಗಿಲವರೆಗೆ ನಡೆದು, ತಟ್ಟಿ, ಒಳಗೆ ಹೋದಳು.