ಹದಿನಾರು ಕಂತಿನಲ್ಲಿ ಯಾರೂ ಕೇಳದ ಪ್ರಶ್ನೆ

ಹೋದ ಭಾನುವಾರ ಮಧ್ಯಾಹ್ನ ನಮ್ಮ ಚಿಗವ್ವ ಟಿವಿ ರಿಮೋಟನ್ನು ಹಾಸಿಗೆಯ ಮೇಲೆ ಒಗೆದು, ಕೊರಿಯಾದ ಕಥೆಗಾರರನ್ನು ಅಗದಿ ಕಲಘಟಗಿ ಭಾಷೆಯಲ್ಲಿ ಬೈದಳು. ಆ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಬರೆದರೂ ಸಂಪಾದಕರು ಹಾಕುವುದಿಲ್ಲ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ಶಾಂತವ್ವ. ಅರವತ್ತು ದಾಟಿದೆ. ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಇರುತ್ತಾಳೆ. ಚಿಕ್ಕಂದಿನಲ್ಲಿ ಎಡಗಾಲಿಗೆ ಪೋಲಿಯೊ ಆಗಿತ್ತು. ಅಂಗವಿಕಲರಿಗೆ ಕೊಡುತ್ತಿದ್ದ ಎಸ್‌ಟಿಡಿ ಬೂತ್ ಅವಳಿಗೂ ಸಿಕ್ಕಿತ್ತು. ಮೊಬೈಲ್ ಬರುವ ತನಕ ಕಲಘಟಗಿ ಬಸ್ ಸ್ಟ್ಯಾಂಡಿನ ಬಾಜು ಕೂತು ಸುತ್ತಲಿನ ಹಳ್ಳಿಯವರಿಗೆಲ್ಲ ಫೋನ್ ಹಚ್ಚಿಕೊಟ್ಟವಳು ಅವಳೇ.

ಈಗ ಸೀರಿಯಲ್ ವಿಷಯ. ಶಾಲೆಯಲ್ಲಿ ಪಾಠ ಮಾಡಿ ಬಂದು, ಚಹಾ ಕುಡಿಯುತ್ತ ಕೊರಿಯನ್ ಡ್ರಾಮಾ ನೋಡುವುದು ನನ್ನ ಚಟ. (ನಗಬೇಡಿ. ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.) ಚಿಗವ್ವ ಆ ಕಡೆ ತಲೆ ಹಾಕಿದವಳಲ್ಲ. "ಅವ್ರು ಬರೇ ಉಣಕೋತನ ಇರ್ತಾರ. ಕಥಿ ಯಾವಾಗ ನಡೀತೈತಿ?" ಎಂದು ಒಳಗೆ ಹೋಗುತ್ತಿದ್ದಳು.

ಈ ಸಲದ್ದು ಬೇರೆ ಇತ್ತು. ಹೆಸರು ಹೇಳುವುದಿಲ್ಲ, ನೋಡಿ ನನ್ನನ್ನು ಬೈಯುತ್ತೀರಿ. ಒಂದು ಸಣ್ಣ ದ್ವೀಪ. ದೋಣಿಯ ಟಿಕೆಟ್ ಕೊಡುವ ಹುಡುಗಿ. ದ್ವೀಪಕ್ಕೆಲ್ಲ ಒಂದೇ ಫೋನು, ಅವಳ ಕೌಂಟರಿನಲ್ಲಿ. ಅಲ್ಲಿಗೆ ಬಂದ ಮೇಷ್ಟ್ರೊಬ್ಬ ವರ್ಗವಾಗಿ ಹೋಗುವಾಗ "ಫೋನ್ ಮಾಡುತ್ತೇನೆ, ನೀನೇ ಎತ್ತು" ಎನ್ನುತ್ತಾನೆ. ಫೋನು ಬರುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ದೋಣಿಯಿಂದ ಅವನೇ ಇಳಿಯುತ್ತಾನೆ. ಅಲ್ಲಿಗೆ ಮೊದಲ ಕಂತು ಮುಗಿಯಿತು.

ಇದಕ್ಕಿಂತ ಒಳ್ಳೆಯ ಆರಂಭ ಬೇಕೆ?

ಹಿಂದಿ ಡಬ್ಬಿಂಗ್ ಕೇಳಿಸಿ ಅಡುಗೆಮನೆಯಿಂದ ಬಂದ ಚಿಗವ್ವ ಬಾಗಿಲಲ್ಲೇ ನಿಂತಳು. ಆಮೇಲೆ ಕೂತಳು. ಮರುದಿನದಿಂದ ನಾನು ಬರುವಷ್ಟರಲ್ಲಿ ಅವಳೇ ಟಿವಿ ಹಚ್ಚಿರುತ್ತಿದ್ದಳು.

ನಾಲ್ಕು ಕಂತು ಬಂಗಾರ. ಐದನೆಯದರಲ್ಲಿ ಮೇಷ್ಟ್ರು ದೊಡ್ಡ ಹೋಟೆಲ್ ಮಾಲೀಕನ ಮಗ ಎಂದು ಗೊತ್ತಾಯಿತು. ಟಿಕೆಟ್ ಹುಡುಗಿಗೆ ಹೊಸ ಬಟ್ಟೆ, ಹೊಸ ಕೂದಲು ಬಂದವು. ಸಿರಿವಂತ ಅತ್ತೆ ಬಂದಳು. ಲಾರಿ ಬಂದು ಗುದ್ದಿತು, ನೆನಪು ಹೋಯಿತು. (ಕೊರಿಯಾದಲ್ಲಿ ಲಾರಿಗಳಿಗೆ ಬೇರೆ ಕೆಲಸವೇ ಇಲ್ಲವೇ?) ಹದಿನಾರನೆಯದರಲ್ಲಿ ಹಿಮ, ಕೊಡೆ, ಮದುವೆ, ಮುಗಿಯಿತು. ಬಾರದೇ ಹೋದ ಆ ಫೋನು? ಯಾರಿಗೂ ನೆನಪಿಲ್ಲ.

ರಿಮೋಟ್ ಹಾರಿದ್ದು ಆಗಲೇ.

"ಅಕಿ ಒಂದ ಮಾತು ಕೇಳಬೇಕಿತ್ತಲ್ಲಬೇ! 'ಅವತ್ತ ನೀ ಫೋನ್ ಮಾಡಿದ್ದೇನು, ಇಲ್ಲೋ?' ಅಂತ. ಅದನ್ನ ಕೇಳ್ತಾಳಂತ ನಾ ಇಷ್ಟು ದಿನ ಕುಂತೀನಿ."

"ಬಿಡ ಚಿಗವ್ವ, ಕಥಿ ಅದು."

"ನಿನಗ ಕಥಿ," ಎಂದಳು.

ಆಮೇಲೆ ಹೇಳಿದಳು. ನನಗೆ ನಲವತ್ತೈದು ವರ್ಷ. ಈ ಮಾತು ಕೇಳಿದ್ದು ಇದೇ ಮೊದಲು.

ದುಮ್ಮವಾಡದ ದನದ ದವಾಖಾನೆಯಲ್ಲಿ ಶಂಕ್ರಪ್ಪ ಎಂಬ ಕಂಪೌಂಡರ್ ಇದ್ದ. ಶಲವಡಿಯವ. ಪ್ರತಿ ಗುರುವಾರ ಸಂಜೆ ಬೂತಿಗೆ ಬಂದು ಊರಲ್ಲಿದ್ದ ಅವ್ವನಿಗೆ ಫೋನ್ ಮಾಡುತ್ತಿದ್ದ. ಅವ್ವನ ಜೊತೆ ಎರಡು ನಿಮಿಷ, ಚಿಗವ್ವನ ಜೊತೆ ಮುಂದಿನ ಬಸ್ ಬರುವ ತನಕ. ಎರಡು ವರ್ಷ ಹೀಗೇ ನಡೆಯಿತು. ಬೀದರ ಕಡೆ ವರ್ಗವಾದಾಗ, "ನಮ್ಮ ಮದುವಿ ವಿಷಯ ಮನ್ಯಾಗ ಕೇಳ್ತೀನ್ರಿ. ಭಾನುವಾರ ಇಲ್ಲಿಗೆ ಫೋನ್ ಮಾಡಿ ಹೇಳ್ತೀನಿ" ಎಂದು ಹೋದ.

ಅದೇ ವಾರ ರಸ್ತೆ ಅಗೆಯುವವರು ಕೇಬಲ್ ಕಡಿದರು. ತಿಂಗಳು ಫೋನು ಸತ್ತು ಮಲಗಿತು. ಲೈನ್ ಬಂದ ಮೇಲೂ ಅವನ ಫೋನ್ ಬರಲಿಲ್ಲ.

"ಮನ್ಯಾಗ ನನ್ನ ಕಾಲಿನ ವಿಷಯ ಹೇಳಿರಬೇಕು, ಬ್ಯಾಡ ಅಂದಿರಬೇಕು," ಎಂದಳು ಚಿಗವ್ವ.

"ನೀನ ಯಾಕ ಮಾಡಲಿಲ್ಲ? ಅವರವ್ವನ ನಂಬರ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು. ಊರ ಮಂದಿಗೆಲ್ಲ ಫೋನ್ ಹಚ್ಚಿಕೊಟ್ಟಾಕಿ, ನನ್ನ ಸಲುವಾಗಿ ಒಂದ ಸಲಾನೂ ಹಚ್ಚಲಿಲ್ಲ ನೋಡು."

ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮ ಶಾಲೆಯ ಹೊಸ ಟೀಚರ್ ತವರು ಶಲವಡಿ. ಎರಡೇ ದಿನದಲ್ಲಿ ನಂಬರ್ ತಂದುಕೊಟ್ಟಳು. ಶಂಕ್ರಪ್ಪ ರಿಟೈರ್ ಆಗಿ ಊರಲ್ಲೇ ಇದ್ದಾರೆ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಚಿಗವ್ವನಿಗೆ ಎಲ್ಲ ಹೇಳಿದೆ. "ಇದ್ರ ಇರಲಿ. ನನಗ ಬೇಕಾಗಿದ್ದು ಒಂದ ಮಾತು," ಎಂದಳು. ಬುಧವಾರ ಸಂಜೆ ಮುಖ ತೊಳೆದು ಬೇರೆ ಸೀರೆ ಉಟ್ಟು ಬಂದು ಕೂತಳು. ಫೋನ್ ಮಾಡುವುದಕ್ಕೆ ಸೀರೆ ಯಾಕೆ ಎಂದು ನಾನು ಕೇಳಲಿಲ್ಲ.

ನಾನು ಹಚ್ಚಿ ಸ್ಪೀಕರ್ ಹಾಕಿದೆ. ಎತ್ತಿದವರು ಶಂಕ್ರಪ್ಪನವರ ಹೆಂಡತಿ. "ತಡೀರಿ, ಹಿತ್ತಲದಾಗ ಎಮ್ಮಿ ಕಟ್ಟಾಕತ್ತಾರ, ಕರೀತೀನಿ," ಎಂದರು. ಸ್ವಲ್ಪ ಹೊತ್ತಿಗೆ ಗಂಡಸಿನ ದನಿ.

"ನಾನ್ರಿ, ಕಲಘಟಗಿ ಬೂತಿನ ಶಾಂತವ್ವ."

"ಆರಾಮ ಅದೀರೇನ್ರಿ?"

"ಆರಾಮ್ರಿ. ಒಂದ ಮಾತು ಕೇಳೂದಿತ್ತು. ಅವತ್ತ ಫೋನ್ ಮಾಡಿದ್ರೇನು?"

ಯಾವತ್ತು ಎಂದು ಅವರು ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಲಿಲ್ಲ.

"ಮಾಡಿದ್ನಿರಿ. ಮೂರು ಭಾನುವಾರ ಮಾಡಿದ್ನಿ. ರಿಂಗ್ ಆಗತಿತ್ತು, ಯಾರೂ ಎತ್ತಲಿಲ್ಲ. ನಿಮಗ ಮನಸ್ಸಿಲ್ಲ ಅಂತ ತಿಳಕೊಂಡೆ."

"ಲೈನ್ ಡೆಡ್ ಇತ್ರಿ. ಕೇಬಲ್ ಕಡದಿದ್ರು. ರಿಂಗ್ ನಿಮಗಷ್ಟ ಕೇಳಿರಬೇಕು, ಇಲ್ಲಿ ಬರಲಿಲ್ಲ."

"ಹೌದೇನ್ರಿ?" ಎಂದರು. ಮತ್ತೆ ಸಣ್ಣ ದನಿಯಲ್ಲಿ, "ಹೌದೇನು..."

ಚಿಗವ್ವ ಸೆರಗಿನ ಅಂಚು ಹಿಡಿದುಕೊಂಡಳು. "ನಿಮ್ಮವ್ವ ಏನಂದಿದ್ರು?"

"ಅಕಿ ಹೂಂ ಅಂದಿದ್ಳು. ವಾರಾ ವಾರಾ ಲೈನ್ ಹಚ್ಚುವಾಗ ನಿಮ್ಮ ದನಿ ಕೇಳತಿದ್ಳಲ್ರಿ."

"ನನ್ನ ಕಾಲಿನ ವಿಷಯ?"

"ಅದನ್ನೂ ಹೇಳಿದ್ನಿ. ಕಾಲಿಂದ ಏನೈತಿ, ಮಾತು ಚಲೋ ಆಡತಾಳ ಅಂದ್ಳು."

ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು, ಚಹಾ ಆರುತ್ತದೆ ಎಂದು. "ಹೋಗ್ರಿ, ಚಹಾ ಕುಡೀರಿ," ಎಂದು ಚಿಗವ್ವನೇ ಮಾತು ಮುಗಿಸಿದಳು.

ಬಹಳ ಹೊತ್ತು ಫೋನು ಅವಳ ಕೈಯಲ್ಲೇ ಇತ್ತು. "ಕಾಲಿನ ಸಲುವಾಗಿ ಅಲ್ಲ," ಎಂದಳು. ಒಂದು ಸಲ ನನಗೆ. ಇನ್ನೊಂದು ಸಲ ತನಗೇ.

"ಸಮಾಧಾನ ಆತಲ್ಲ?" ಎಂದೆ, ದಡ್ಡಿಯ ಹಾಗೆ.

"ಬ್ಯಾಡ ಅಂದಾರಂತ ತಿಳಕೊಂಡು ಇಷ್ಟು ವರ್ಷ ಆರಾಮ ಇದ್ನಲ್ಲ," ಎಂದಳು. "ಹೂಂ ಅಂದಿದ್ರಂತ. ಇನ್ನ ಇದನ್ನ ಎಲ್ಲಿಡ್ಲಿ?"

ಅವಳ ಪಕ್ಕದಲ್ಲಿ ಕೂತೆ, ಅಷ್ಟೆ.

ಓದುಗರೇ, ಯಾರೋ ಎತ್ತದ ಫೋನನ್ನೇ ಅವರ ಉತ್ತರ ಎಂದುಕೊಂಡು ನೀವೂ ಕೂತಿಲ್ಲ ತಾನೆ?