ಕರಿ ರಾಡಿ, ಖಡಕ್ ರೊಟ್ಟಿ ಮತ್ತು ಕಾಕಾನ ಡೀಸೆಲ್

ಮೊನ್ನೆ ಮೇ ತಿಂಗಳಲ್ಲಿ ನಾನು ಹಿಮದ ಬಗ್ಗೆ ಜಗಳ ಮಾಡಿದೆ. ಹುಮನಾಬಾದಿನಲ್ಲಿ ಕುಳಿತು. ಫ್ಯಾನಿನ ಕೆಳಗೆ, ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು.

(ಹಿಮವನ್ನು ನಾನು ಇದುವರೆಗೆ ನೋಡಿರುವುದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಅದೂ ಕರೆಂಟ್ ಇದ್ದಾಗ.)

ಆದದ್ದಿಷ್ಟು. ಯಾವುದೋ ದೂರದೇಶದ ಒಬ್ಬ ಮನುಷ್ಯ ಪುಟ್ಟ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಮನೆ ಮುಂದಿನ ಹಿಮ ತಳ್ಳುವ ವಿಡಿಯೊ ಹಾಕಿದ್ದ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಮುಚ್ಚಳ ತಟ್ಟಿ, ಎಷ್ಟು ಕಡಿಮೆ ಕುಡಿಯುತ್ತದೆ ನೋಡಿ ಎಂದ. ನಾನು ಸುಮ್ಮನಿರಬಹುದಿತ್ತು. ಆದರೆ ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಯ ಮೈಕಿನ ಮುಂದೆ ಬೆಳೆದವಳಿಗೆ ಸುಮ್ಮನಿರುವುದು ಒಂದು ಕಾಯಿಲೆಯ ಹಾಗೆ ಕಾಣುತ್ತದೆ. ಕೆಳಗೆ ಬರೆದೆ: ಕಡಿಮೆ ಅಂದರೆ ಯಾವ ಲೆಕ್ಕದಲ್ಲಿ? ತಾಸಿಗೋ, ಕಿಲೋಮೀಟರಿಗೋ? ನಿಂತಲ್ಲೇ ಗುರುಗುಟ್ಟಿದ ಹೊತ್ತು ಲೆಕ್ಕಕ್ಕಿದೆಯೋ ಇಲ್ಲವೋ? ಮೊದಲು ವ್ಯಾಖ್ಯೆ ಹೇಳಿ, ಆಮೇಲೆ ಹೆಮ್ಮೆಪಡಿ.

ಆತ ಉತ್ತರ ಕೊಟ್ಟ. ನಾನು ಮರುತ್ತರ ಕೊಟ್ಟೆ. ಕೊನೆಗೆ ಆತ ಕೇಳಿದ, ಮೇಡಂ, ನೀವು ಒಮ್ಮೆಯಾದರೂ ಹಿಮ ತಳ್ಳಿದ್ದೀರಾ?

ವಾದ ಬಿಟ್ಟು ವಾದ ಮಾಡುವವರನ್ನು ಹಿಡಿದುಕೊಳ್ಳುವುದು ಸೋಲುವವರ ಲಕ್ಷಣ ಎಂದು ಟೈಪ್ ಮಾಡುತ್ತಿದ್ದೆ. ಆಗ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕಾಕಾ ಮೊಬೈಲಿನೊಳಗೆ ಇಣುಕಿದ.

"ಏನದು ಬೆಳ್ಳಗ?"

"ಹಿಮ, ಕಾಕಾ. ದಾರಿ ಮ್ಯಾಲಿಂದ ತಳ್ಳಾಕತ್ತಾನ."

"ಅಷ್ಟೇ ಹೌದಿಲ್ಲೋ? ನಮ್ಮದು ಕರಿ ರಾಡಿ, ಅವರದು ಬಿಳಿ ರಾಡಿ. ಫರಕ್ ಏನದ?"

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಮಾಣಿಕಪ್ಪ. ದುಬಲಗುಂಡಿಯಲ್ಲಿ ಇರುತ್ತಾನೆ. ತೊಗರಿ, ಸೋಯಾ ಬೆಳೆಯುವಷ್ಟು ಹೊಲ, ಒಂದು ಮಿನಿ ಟ್ರ್ಯಾಕ್ಟರ್, ಅದರ ಹಿಂದೆ ಮಣ್ಣು ತಳ್ಳುವ ಬ್ಲೇಡು, ಒಂದು ಟ್ರಾಲಿ. ನಮ್ಮಿಬ್ಬರ ನಡುವೆ ಆ ಟ್ರ್ಯಾಕ್ಟರಿನ ಹೊಟ್ಟೆಯ ಬಗ್ಗೆ ನಡೆಯುವ ವಾಗ್ವಾದ ಬಹಳ ಹಳೆಯದು.

ಒಂದು ಮಾತು ಗಮನಿಸಿದ್ದೀರಾ? ಬೈಕಿನ ಬಗ್ಗೆ ನಮ್ಮ ಕಡೆ "ಎಷ್ಟು ಕೊಡ್ತದ?" ಅಂತ ಕೇಳುತ್ತಾರೆ. ಟ್ರ್ಯಾಕ್ಟರಿನ ಬಗ್ಗೆ ಅದೇ ಜನ "ತಾಸಿಗೆ ಎಷ್ಟು ತಿಂತದ?" ಅನ್ನುತ್ತಾರೆ. ಬೈಕು ಕೊಡುವ ಆಕಳು, ಟ್ರ್ಯಾಕ್ಟರು ತಿನ್ನುವ ಎತ್ತು. ಎರಡೂ ಕುಡಿಯುವುದು ಪಂಪಿನದೇ ಎಣ್ಣೆ!

ನನ್ನ ಆಕ್ಷೇಪ ಹೊಲದ ಕೆಲಸಕ್ಕಲ್ಲ. ಅದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನ ಕಾಕಾನ ಮಿನಿ ಮಾಡುವುದೆಲ್ಲ ಚಿಲ್ಲರೆ ಕೆಲಸ. ದನಕ್ಕೆ ಕಣಿಕೆ, ಅಂದರೆ ಜೋಳದ ಒಣದಂಟು, ತರುವುದು, ನೀರಿನ ಟ್ಯಾಂಕು ಎಳೆಯುವುದು, ಯಾರದೋ ಕೆಟ್ಟು ನಿಂತ ಗಾಡಿಯನ್ನು ಗ್ಯಾರೇಜಿಗೆ ಮುಟ್ಟಿಸುವುದು, ಓಣಿಯ ಅಜ್ಜಿಯನ್ನು ಬಸ್ಸಿಗೆ ಬಿಡುವುದು. ಆಮೇಲೆ ಚಹಾದಂಗಡಿ. ಅಲ್ಲಿ ಕಾಕಾ ಎಂಜಿನ್ ಬಂದ್ ಮಾಡುವುದಿಲ್ಲ. ಅದು ಗುಡುಗುಡು ಅನ್ನುತ್ತಿರುತ್ತದೆ, ಕಾಕಾ ಅದಕ್ಕಿಂತ ಜೋರಾಗಿ ಮಾತಾಡುತ್ತಿರುತ್ತಾನೆ.

"ಕಾಕಾ, ಬಂದ್ ಮಾಡಿ ಮಾತಾಡು. ನಿಂತಾಗ ಇದರ ಆವರೇಜ್ ಸೊನ್ನಿ," ಎಂದು ಒಮ್ಮೆ ಅಲ್ಲೇ ಹಿಡಿದುಕೊಂಡಿದ್ದೆ.

"ಎತ್ತು ನಿಂತಾಗ ಮೇವು ತಿನ್ನಂಗಿಲ್ಲೇನು?"

"ಎತ್ತು ನಿಂತಾಗ ಸಗಣಿನಾದ್ರೂ ಹಾಕ್ತದ. ಇದು ಬರೇ ಹೊಗಿ ಬಿಡ್ತದ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಾಕಾ ಅವರ ಕಡೆ ತಿರುಗಿ, "ನಮ್ಮ ಡಿಬೇಟ್ ಬಾಯಿರಿ ಇಕಿ," ಎಂದ. ನಮ್ಮ ಗಡಿಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ಅಚ್ಚಗನ್ನಡದಲ್ಲಿ ಬಾಯಿಗೆ ಬೇರೆ ಅರ್ಥವಿದೆ. ಕಾಕಾ ಯಾವ ಅರ್ಥದಲ್ಲಿ ಹೇಳುತ್ತಾನೆಂದು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ಇನ್ನು ವೈನಿಯ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನ ಹೆಂಡತಿ ಸುವರ್ಣಾ. ಅವಳೂ ದುಬಲಗುಂಡಿಯಲ್ಲೇ, ಕಾಕಾನ ಮನೆಯ ಹಿಂದೆಯೇ ಇರುತ್ತಾಳೆ. ಇಷ್ಟು ದಿನ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವಳು ಈ ಬೇಸಿಗೆಯಲ್ಲಿ ಪಕ್ಕದ ಮನೆಯ ಇಬ್ಬರನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮಾರಲು ಶುರು ಮಾಡಿದಳು. ಮೊದಮೊದಲು ಪರಿಚಯದ ಮನೆಗಳಿಗೆ. ಆಮೇಲೆ ಹುಮನಾಬಾದಿನ ಒಂದು ಮದುವೆಯ ಆರ್ಡರ್ ಬಂತು. ಪೂರ್ತಿ ಮದುವೆಯ ರೊಟ್ಟಿ!

ಮದುಮಗಳ ಅಜ್ಜಿ ಮಾತ್ರ ಖಡಕ್ಕಾಗಿ ಹೇಳಿದ್ದಳಂತೆ: "ಪುಡಿ ತಂದ್ರ ವಾಪಸ್ ಕಳಿಸ್ತೀನಿ. ನನ್ನ ಮೊಮ್ಮಗಳ ಮದಿವ್ಯಾಗ ಮುರಕ ರೊಟ್ಟಿ ಬಡಸಂಗಿಲ್ಲ." ಬಸವಕಲ್ಯಾಣದಲ್ಲಿ ಅವರಿಗೆ ರೂಢಿಯ ರೊಟ್ಟಿಯವರು ಇದ್ದರು. ವೈನಿಯ ರೊಟ್ಟಿ ಕೆಟ್ಟರೆ ಅವರನ್ನು ಕರೆಯುವುದು ಎಷ್ಟು ಹೊತ್ತು?

ಮದುವೆಯ ಹಿಂದಿನ ದಿನ ರೊಟ್ಟಿ ಜೋಡಿಸಲು ನಾನೂ ಹೋಗಿದ್ದೆ. ಬಿದಿರಿನ ಬುಟ್ಟಿಗಳಲ್ಲಿ ಬಿಳಿ ಧೋತರ ಹಾಸಿ ಒಂದರ ಮೇಲೊಂದು ಇಡುತ್ತ ವೈನಿ ಅಂದಳು, "ಇದೊಂದು ಬರಾಬರ್ ಆತಂದ್ರ ನಾ ರೊಟ್ಟಿ ಮಾಡಾಕಿ. ಇಲ್ಲಂದ್ರ ಮತ್ತ ಕೂಲಿಗಿ ಹೋಗಾಕಿ." ನಗುತ್ತಲೇ ಅಂದಳು. ಆದರೆ ಧೋತರದ ಅಂಚನ್ನು ಮತ್ತೆ ಮತ್ತೆ ತೀಡುತ್ತಿದ್ದಳು.

ಆ ರಾತ್ರಿ ಅಕಾಲಿಕ ಮಳೆ ಹೊಡೆಯಿತು.

ಬೆಳಗ್ಗೆ ಎದ್ದು ನೋಡಿದರೆ ಮುಂಗಾರಿಗೆಂದು ಹರಗಿಟ್ಟ ಹೊಲದ ಎರೆಮಣ್ಣೆಲ್ಲ ನೀರಿನ ಜೊತೆ ಇಳಿದು ನಮ್ಮ ಓಣಿಯಿಂದ ಡಾಂಬರು ರಸ್ತೆಗೆ ಹೋಗುವ ತಗ್ಗಿನ ದಾರಿಯಲ್ಲಿ ಕೂತಿತ್ತು. ಮೊಣಕಾಲುದ್ದ ರಾಡಿ. ರೊಟ್ಟಿ ಒಯ್ಯಲು ಹೇಳಿದ್ದ ಟಂಟಂ ಆಟೊ ಆಚೆ ದಡದಲ್ಲಿ ನಿಂತಿತ್ತು. ಅದರ ಡ್ರೈವರ್ ಅಲ್ಲಿಂದಲೇ ಫೋನ್ ಮಾಡಿದ: "ಅಕ್ಕಾ, ಇದರಾಗ ಸಿಕ್ಕೊಂಡ್ರ ನನ್ನ ಯಾರು ಎಳೀತಾರ್ರಿ?"

ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ದಾಟಿಸೋಣವೆಂದರೆ ಆ ರಾಡಿಯಲ್ಲಿ ಬರಿಗೈಯಲ್ಲಿ ನಡೆದವರೇ ಜಾರುತ್ತಿದ್ದರು. ಒಬ್ಬರು ಬಿದ್ದರೆ ಒಂದು ಬುಟ್ಟಿ ಮುಗಿಯಿತು.

ಕಾಕಾ ಅಷ್ಟರಲ್ಲೇ ಅಂಗಳಕ್ಕೆ ಇಳಿದಿದ್ದ. ಟ್ರ್ಯಾಕ್ಟರ್ ಚಾಲೂ ಮಾಡಿ ಬ್ಲೇಡು ಇಳಿಸಿದ.

ಎರೆಮಣ್ಣಿನ ರಾಡಿ ತಳ್ಳುವುದನ್ನು ನೋಡಿದ್ದೀರಾ? ಹಿಮ ಹೇಗೋ ನನಗೆ ಗೊತ್ತಿಲ್ಲ, ರಾಡಿ ಮಾತ್ರ ಅಂಟು. ತಳ್ಳಿದಷ್ಟೂ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಒಂದು ಸಲ ಬದಿಗೆ ಸರಿಸಿದರೆ ಮೇಲಿನಿಂದ ಮತ್ತಷ್ಟು ಇಳಿಯುತ್ತದೆ. ಮುಂದೆ, ಹಿಂದೆ, ಮತ್ತೆ ಮುಂದೆ. ಎಂಜಿನ್ ಒದರುತ್ತಿತ್ತು, ಕರಿ ಹೊಗೆ ಬರುತ್ತಿತ್ತು. ನನ್ನ ತಲೆ ಅಭ್ಯಾಸಬಲದಿಂದ ಲೆಕ್ಕ ಹಾಕುತ್ತಿತ್ತು. ಇಷ್ಟು ಡೀಸೆಲ್ಲಿಗೆ ಇಷ್ಟೇ ಮಾರು ದಾರಿ! ಯಾವ ಬೈಕಿನವನಾದರೂ ಕೇಳಿದರೆ ಮೂರ್ಛೆ ಹೋದಾನು.

ದಾರಿಯೇನೋ ಬಿಟ್ಟಿತು. ಅಷ್ಟರಲ್ಲಿ ಟಂಟಂ ಇರಲಿಲ್ಲ. ಒಳ್ಳೆ ಮುಹೂರ್ತದ ದಿನ, ಅವನಿಗೆ ಬೇರೆ ಬಾಡಿಗೆ ಸಿಕ್ಕಿತ್ತು. ಬೇರೆ ಯಾರಿಗೆ ಫೋನ್ ಮಾಡಿದರೂ ಒಂದೇ ಉತ್ತರ, ಗಾಡಿ ಬುಕ್ ಆಗಿದೆ.

"ಟ್ರಾಲ್ಯಾಗ ಹಾಕ್ರಿ. ನಾ ಮುಟ್ಟಸ್ತೀನಿ," ಎಂದ ಕಾಕಾ.

ವೈನಿಯ ಮುಖ ಸಣ್ಣದಾಯಿತು. "ಟ್ರಾಲ್ಯಾಗಾ? ಮಾವಾ, ಅದಕ್ಕ ಸ್ಪ್ರಿಂಗ್ ಇಲ್ರಿ. ಹಿಟ್ಟು ಮಾಡಿ ರೊಟ್ಟಿ ಮಾಡೀವಿ, ಹುಮನಾಬಾದ ಮುಟ್ಟೋದ್ರಾಗ ಮತ್ತ ಹಿಟ್ಟಾಗ್ತಾವ."

ಕಣಿಕೆ ಹಾಸಿದೆವು. ಅದರ ಮೇಲೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹಾಸಿದೆವು. ಕಾಕಾ ಒಂದು ಬುಟ್ಟಿ ಇಟ್ಟು ನಾಲ್ಕು ಮಾರು ಎಳೆದು ನೋಡಿದ. ಬುಟ್ಟಿಯೊಳಗೆ ಚುರ್ ಎಂದಿತು. ವೈನಿ ಕಣ್ಣು ಮುಚ್ಚಿಕೊಂಡಳು.

ಆಗ ನನಗೆ ನನ್ನದೇ ಒಂದು ಭಾಷಣ ನೆನಪಾಯಿತು. ಡೀಸೆಲ್ ಉಳಿಸಬೇಕಾದರೆ ಟೈರಿನ ಗಾಳಿ ಗಟ್ಟಿಯಾಗಿರಬೇಕು ಎಂದು ನಾನೇ ಎಲ್ಲೋ ಓದಿ ಕಾಕಾನ ತಲೆ ತಿಂದು, ಟ್ರಾಲಿಯ ಟೈರು ಕಲ್ಲಿನಂತಾಗುವವರೆಗೆ ಗಾಳಿ ಹಾಕಿಸಿದ್ದೆ. ಓದಿದ್ದು ಸುಳ್ಳಲ್ಲ. ಆದರೆ ಓದಿದ್ದನ್ನು ತಿರುವಿ ಹಾಕಿದರೆ?

"ಕಾಕಾ, ಟ್ರಾಲಿ ಟೈರಿನ ಗಾಳಿ ಜರಾ ಬಿಡು. ಮೆತ್ತಗಾದ್ರ ಕುಲುಕೋದು ಕಮ್ಮಿ ಆಗ್ತದ."

ಕಾಕಾ ನನ್ನನ್ನೇ ನೋಡಿದ. "ಮೆತ್ತಗಾದ್ರ ಎಳತ ಹೆಚ್ಚು. ಎಳತ ಹೆಚ್ಚಾದ್ರ ತೇಲ್ ಹೆಚ್ಚು. ಇದು ನಿಂದೇ ಮಾತು."

"ಗೊತ್ತದ."

"ಮತ್ತ?"

"ಹೋಗ್ಲಿ."

ಡೀಸೆಲ್ ವಿಷಯದಲ್ಲಿ ಆ ಶಬ್ದ ನನ್ನಿಂದ ಹೊರಬಿದ್ದದ್ದು ಅದೇ ಮೊದಲು. ಕಾಕಾ ಅದನ್ನು ಹಿಡಿದು ಗೇಲಿ ಮಾಡಬಹುದಿತ್ತು. ಮಾಡಲಿಲ್ಲ. ಕೂತು ವಾಲ್ವಿಗೆ ಕೀಲಿಯ ತುದಿ ಒತ್ತಿದ. ಗಾಳಿ ಸುಯ್ಯೆಂದಿತು. ಮತ್ತೆ ಎಳೆದು ನೋಡಿದ. ಬುಟ್ಟಿ ಸುಮ್ಮನಿತ್ತು.

(ಗೇಲಿಯನ್ನು ಅವನು ರಸ್ತೆಗೆಂದು ಉಳಿಸಿಕೊಂಡಿದ್ದ ಎಂಬುದು ಆಮೇಲೆ ತಿಳಿಯಿತು.)

ಹೊರಟೆವು. ಟ್ರಾಲಿಯಲ್ಲಿ ವೈನಿ ಒಂದು ಕಡೆ, ನಾನು ಒಂದು ಕಡೆ, ಇಬ್ಬರ ತೊಡೆಯ ಮೇಲೂ ಒಂದೊಂದು ಬುಟ್ಟಿ. ಪ್ರತಿ ತಗ್ಗಿಗೂ ನಾನು ಕೂಗುತ್ತಿದ್ದೆ, "ಸಾವಕಾಶ, ಕಾಕಾ! ಇನ್ನಾ ಸಾವಕಾಶ!"

"ತೇಲ್ ಹಾಳಾಗ್ತದಲ್ಲ ಬಾಯಿ!"

"ಆಗ್ಲಿ! ಸಾವಕಾಶ!"

"ಇದಕ್ಕಿಂತ ಸಾವಕಾಶ ಅಂದ್ರ ಹಿಂದಕ್ಕ ಹೋಗಬೇಕಾಗ್ತದ!"

ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಬೈಕಿನ ಮೇಲೆ ಬಂದವನೊಬ್ಬ ಪಕ್ಕಕ್ಕೆ ಬಂದು ಕೇಳಿದ, "ಏನ್ ಕಾಕಾ, ತತ್ತಿ ಒಯ್ಯಾಕತ್ತೀರೇನ್ರಿ?"

"ತತ್ತಿ ಅಲ್ಲಪಾ," ಎಂದ ಕಾಕಾ, "ಸೊಸಿ ಕೊಟ್ಟ ಮಾತು ಒಯ್ಯಾಕತ್ತೇನಿ."

ವೈನಿ ಸೆರಗು ಸರಿಮಾಡುವ ನೆವದಲ್ಲಿ ಮುಖ ಆಚೆ ತಿರುಗಿಸಿದಳು.

ನನಗೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಹೀಗೆ ಮೆಲ್ಲಗೆ ಹೋದರೆ ಎಂಜಿನ್ನು ತಾಸಿಗೆ ತಿನ್ನುವುದು ಕಡಿಮೆ, ಕಾಕಾ ಗೆದ್ದ. ಆದರೆ ಕಿಲೋಮೀಟರಿಗೆ ಜಾಸ್ತಿ, ನಾನು ಗೆದ್ದೆ. ಒಂದೇ ಡೀಸೆಲ್, ಎರಡು ತೀರ್ಪು! ಚರ್ಚೆಯಲ್ಲಿ ಅಳತೆಗೋಲು ಯಾರ ಕೈಲಿದೆಯೋ ಅವರದೇ ಗೆಲುವು ಎಂದು ನಮ್ಮ ಕೋಚ್ ಹೇಳುತ್ತಿದ್ದರು. ಅವತ್ತು ಅಳತೆಗೋಲು ವೈನಿಯ ತೊಡೆಯ ಮೇಲಿತ್ತು. ಲೀಟರಿಗೆ ಎಷ್ಟು ರೊಟ್ಟಿ ಇಡಿಯಾಗಿ ಉಳಿಯುತ್ತವೆ? ಇದನ್ನು ಯಾವ ಕಂಪನಿ ಬರೆದು ಕೊಡುತ್ತದೆ?

ತಪ್ಪು ತಿಳಿಯಬೇಡಿ. ಇದನ್ನು ಓದಿ ಎಂಜಿನ್ ಚಾಲೂ ಬಿಟ್ಟು ಹರಟೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಚಹಾದಂಗಡಿಯ ಮುಂದೆ ಉರಿಯುವುದು ಈಗಲೂ ದಂಡವೇ. ಆ ವಾದ ಬಿಟ್ಟಿಲ್ಲ, ಬಿಡುವುದಿಲ್ಲ. ಆದರೆ ಚಿಲ್ಲರೆ ಕೆಲಸ ಎಂದು ನಾನು ಬದಿಗೆ ತಳ್ಳಿದ್ದರಲ್ಲಿ ಎಷ್ಟೋ ಜನರ ದೊಡ್ಡ ದಿನಗಳು ಇದ್ದಿರಬೇಕು. ಬಸ್ಸು ಹಿಡಿದ ಆ ಅಜ್ಜಿ ಎಲ್ಲಿಗೆ ಹೊರಟಿದ್ದಳು? ನಾನು ಕೇಳಿಯೇ ಇರಲಿಲ್ಲ. ಕಾಕಾನಿಗೆ ಖಂಡಿತ ಗೊತ್ತಿರುತ್ತದೆ.

ಮದುವೆ ಮಂಟಪ ಮುಟ್ಟಿದಾಗ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಮದುಮಗಳ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನಮಸ್ಕಾರಕ್ಕೂ ಕಾಯದೆ, ಟ್ರಾಲಿಯ ಹತ್ತಿರ ಬಂದು, ಗಾಲಿಯ ನೇರಕ್ಕೆ ಕೂತು ಎಲ್ಲಕ್ಕಿಂತ ಹೆಚ್ಚು ಕುಲುಕಿದ ಬುಟ್ಟಿಯನ್ನೇ ಆರಿಸಿ ಧೋತರ ಸರಿಸಿದಳು. ಮೇಲಿನದು ಇಡಿ. ಕೈ ಆಳಕ್ಕೆ ಹಾಕಿ ತೆಗೆದಳು. ಮುರುಕು. ವೈನಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಜ್ಜಿ ಇನ್ನೊಂದು ತೆಗೆದಳು, ಇಡಿ. ಇನ್ನೊಂದು, ಇಡಿ. ಮತ್ತೊಂದು ಬುಟ್ಟಿ, ಎಲ್ಲ ಇಡಿ.

"ಒಂದೆರಡು ಮುರದಾವ," ಎಂದಳು.

"ಹೌದ್ರಿ. ಮುರದವು ತಗದಿಡ್ತೀನ್ರಿ. ಹೆಚ್ಚಿಗಿ ತಂದೀನಿ," ಎಂದಳು ವೈನಿ.

ಅಜ್ಜಿ ಒಂದು ಇಡಿ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್! ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. "ಯಾರ ಮನಿ ಸೊಸಿ ನೀ?"

"ನಮ್ಮಾಕಿರಿ," ಎಂದ ಕಾಕಾ.

"ನಿನ್ನ ಕೇಳಿಲ್ಲಪಾ. ಅಕಿನ್ನ ಕೇಳಾಕತ್ತೇನಿ. ಏನವ್ವ ನಿನ್ನ ಹೆಸರು?"

"ಸುವರ್ಣಾ ರಿ."

"ಸುವರ್ಣಾ, ನಾಳಿ ಬೀಗರ ಮನಿಗಿ ಕಳಸೋ ಬುತ್ತಿಗೂ ನೀನೇ ಕೊಡು."

ನಮ್ಮ ಮನೆಗಳಲ್ಲಿ ಧನ್ಯವಾದ ಎಂಬ ಪದ ಮೈಕಿನ ಮುಂದೆ ಮಾತ್ರ ಬರುತ್ತದೆ, ಅದೂ ವಂದನಾರ್ಪಣೆಯಲ್ಲಿ. ಮನೆಯವರಿಗೇ ಹೇಳಿದರೆ "ನಾ ಏನ್ ಹೊರಗಿನವನೇನ?" ಎಂದು ಬೈಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ. ಕಾಕಾ ಈ ಪೇಪರ್ ಓದುತ್ತಾನೆ. ಓದಿ ಬೈಯಲಿ.

ಅವತ್ತು ಬಾಗಿಲಲ್ಲಿ ವೈನಿ ಕೂಡಲೇ ಹೂಂ ಅನ್ನಲಿಲ್ಲ. ಹೊರಗೆ ಕೌದಿ ಕೊಡವುತ್ತಿದ್ದ ಕಾಕಾನ ಕಡೆ ಒಮ್ಮೆ ನೋಡಿ, "ಕೊಡ್ತೀನ್ರಿ ಆಯೀ. ಆದ್ರ ಮಳಿ ಬಂದ್ರ ಜರಾ ತಡಾ ಆಗ್ತದ ನೋಡ್ರಿ. ನಮ್ಮ ಗಾಡಿ ಸಾವಕಾಶ ಬರ್ತದ," ಎಂದಳು.

"ಬರ್ಲಿ," ಎಂದಳು ಅಜ್ಜಿ.

ನಮಗಾಗಿ ಓಡಿ ಬಂದವರಿಗೆ ನಾವು ಶಹಬ್ಬಾಸ್ ಅನ್ನುತ್ತೇವೆ; ನಮಗಾಗಿ ನಿಧಾನವಾಗಿ ಬಂದವರಿಗೆ?