ತೈವೊನ ಅಂಗಿ ತೊಟ್ಟವಳು

ಇಲೆಶಾ ಊರಿನ ಹಳೇ ಮಾರುಕಟ್ಟೆಯಲ್ಲಿ ಅಲಸಂದೆ ವಡೆ ಕರಿಯುವ ಕೆಹಿಂಡೆ ತನ್ನ ಅರವತ್ತೊಂದು ವರ್ಷದ ಬದುಕಿನಲ್ಲಿ ಫೋಟೊಕ್ಕೆ ಅಂತ ಕೂತದ್ದು ಎರಡೇ ಸಲ. ಎರಡೂ ಒಂದೇ ದಿನ, ಒಂದೇ ಗಳಿಗೆಯಲ್ಲಿ. ಮತದಾರರ ಚೀಟಿಗೆ ಹಿಡಿದದ್ದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಅವಳು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳಂತೆ.

ಅವಳೂ ತೈವೊನೂ ಅವಳಿಗಳು. ಐದು ತುಂಬಿದ ವರ್ಷ ದಡಾರ ಬಂದು ತೈವೊ ಹೋದ. ಅವಳಿಗಳಲ್ಲಿ ಒಬ್ಬರು ಹೋದರೆ ನಮ್ಮಲ್ಲಿ ‘ಸತ್ತ’ ಎನ್ನುವ ಹಾಗಿಲ್ಲ. ಹಾಗಂದರೆ ಹೋದವನು ಸಿಟ್ಟಾಗಿ ಉಳಿದವಳನ್ನೂ ಕರೆದುಕೊಂಡುಬಿಡುತ್ತಾನೆ. ‘ಲಾಗೋಸಿಗೆ ಹೋಗಿದ್ದಾನೆ’ ಎನ್ನಬೇಕು. ಅವನಿಗಾಗಿ ಒಂದು ಮರದ ಗೊಂಬೆ ಕೆತ್ತಿಸಿ, ಮೀಯಿಸಿ, ಉಣ್ಣಿಸಬೇಕು. ಆದರೆ ತಾಯಿ ಅಶಾಕೆ ಆಗಷ್ಟೇ ಚರ್ಚಿಗೆ ಸೇರಿದ್ದಳು, ಪಾದ್ರಿ ಗೊಂಬೆ ಕೂಡದು ಎಂದಿದ್ದ. ಫೋಟೊದ ವಿಷಯದಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ. ಅಶಾಕೆ ಮಗಳ ಕೈ ಹಿಡಿದು ನೇರ ಫದೆಯಿ ಸ್ಟುಡಿಯೊಗೆ ನಡೆದಳು.

ಫದೆಯಿಗೆ ಉಳಿದ ಒಬ್ಬರನ್ನೇ ಇಬ್ಬರಾಗಿ ತೋರಿಸುವ ಈ ಕೆಲಸ ಹೊಸದಲ್ಲ. ಮರದ ದೊಡ್ಡ ಕ್ಯಾಮೆರಾದ ಮುಂದೆ ಅರ್ಧಕ್ಕೆ ಕಪ್ಪು ರಟ್ಟು ಇಟ್ಟು, ಹೂವಿನ ಲಂಗದ ಕೆಹಿಂಡೆಯನ್ನು ಎಡಗಡೆ ಸ್ಟೂಲಿನ ಮೇಲೆ ಕೂರಿಸಿ ಒಂದು ಸಲ ತೆಗೆದ. ಆಮೇಲೆ ಅಶಾಕೆ ಮಗಳಿಗೆ ತೈವೊನ ನೀಲಿ ಅಂಗಿ, ಚಡ್ಡಿ ತೊಡಿಸಿದಳು. ಅಂಗಿಯಲ್ಲಿ ಇನ್ನೂ ಅವನ ಬೆವರಿನ ವಾಸನೆಯಿತ್ತು. ಬಲಗಡೆ ಕೂರಿಸಿ, ರಟ್ಟನ್ನು ಇನ್ನರ್ಧಕ್ಕೆ ಸರಿಸಿ, ಕ್ಯಾಮೆರಾದೊಳಗಿನ ಅದೇ ಗಾಜಿನ ಫಲಕದ ಮೇಲೆ ಇನ್ನೊಂದು ಸಲ ತೆಗೆದ. ತೊಳೆದು ನೋಡಿದರೆ ಅಕ್ಕ ತಮ್ಮ ಅಕ್ಕಪಕ್ಕ ಕೂತಿದ್ದರು. ಒಂದೇ ಒಂದು ಐಬು. ಕೆಹಿಂಡೆ ಪಕ್ಕದ ಖಾಲಿ ಸ್ಟೂಲಿನ ಕಡೆ ಕೈ ಚಾಚಿದ್ದಳು, ರಟ್ಟು ಅದನ್ನು ಮಣಿಕಟ್ಟಿಗೇ ಕತ್ತರಿಸಿಬಿಟ್ಟಿತ್ತು.

“ಅಲುಗಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ ನೀನು?” ಅಂದಿದ್ದ ಫದೆಯಿ.

“ಅವನ ಕೈ ಹಿಡ್ಕೊಳ್ಳೋಕೆ ಹೋದೆ,” ಅಂದಿದ್ದಳು ಹುಡುಗಿ.

ಅಲ್ಲಿಂದ ಮುಂದೆ ಆ ಫೋಟೊವೇ ತೈವೊ. ಮನೆಯಲ್ಲಿ ಅಲಸಂದೆ ಬೆಂದ ದಿನ ಅಶಾಕೆ ಮೊದಲ ತುತ್ತನ್ನು ಕೆಂಪು ತಾಳೆ ಎಣ್ಣೆಯಲ್ಲಿ ಅದ್ದಿ ಅವನ ಬಾಯಿಗೆ ಮುಟ್ಟಿಸುವಳು. ವರ್ಷಗಳು ಕಳೆದಂತೆ ಹುಡುಗನ ಗಲ್ಲದ ಮೇಲೆ ಅವಳ ಬೆರಳಿನಷ್ಟೇ ಅಗಲದ ಕೆಂಪು ಕಲೆ ಕೂತಿತು. ಕೆಹಿಂಡೆಗೂ ಅದೇ ರೂಢಿ ಅಂಟಿತು. ಬಾಣಲೆಯಿಂದ ಎತ್ತಿದ ಮೊದಲ ಎರಡು ವಡೆ ಪಕ್ಕಕ್ಕಿಡುವಳು, ಒಂದು ಅವಳಿಗೆ, ಒಂದು ಅವನಿಗೆ. ಕೊಂಡರೆ ಎರಡು ಬಾಚಣಿಗೆ, ಎರಡು ಕಿತ್ತಳೆ. ಕಟ್ಟಿಕೊಂಡ ಗಂಡ, ಪುಣ್ಯಾತ್ಮ, ಕೊನೆಯವರೆಗೂ ಒಂದು ಮಾತು ಆಡಲಿಲ್ಲ.

ಅಶಾಕೆ ಸಾಯುವಾಗ ಹೇಳಿದ್ದು ಇಷ್ಟೇ: “ತೈವೊನ ಹೊಟ್ಟೆಗೆ ಕಮ್ಮಿ ಮಾಡ್ಬೇಡ.” ಮುಂದಿನ ಮಳೆಗಾಲದಲ್ಲಿ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ಕೆಹಿಂಡೆ ಗಾಬರಿಯಾಗಿ ಚಿತ್ರವನ್ನು ಫದೆಯಿ ಕೈಗೆ ಕೊಟ್ಟು, ಹೊಸ ಚೌಕಟ್ಟು ಹಾಕಿಕೊಡು ಅಂದಳು. ಮುದುಕ ಇವತ್ತು ನಾಳೆ ಅನ್ನುತ್ತಲೇ ಹಾಸಿಗೆ ಹಿಡಿದು ತೀರಿಕೊಂಡ. ಮಗ ಗ್ಬಾದೆಬೊ ಸ್ಟುಡಿಯೊವನ್ನು ಗುಡಿಸಿ ಸಾರಿಸಿ, ಸಿಕ್ಕಿದ್ದನ್ನೆಲ್ಲ ಲಾಗೋಸಿನ ಹರಾಜಿನವರಿಗೆ ತುಂಬಿ ಕಳಿಸಿದ್ದ.

“ಅಕ್ಕಾ, ನಂಗೇನು ಕನಸು ಬಿತ್ತಾ ಅದು ನಿಮ್ಮದು ಅಂತ?” ಅಂದ ಗ್ಬಾದೆಬೊ, ಕೆಹಿಂಡೆ ಕೇಳಲು ಹೋದಾಗ. “ಬರ್ದು ರುಜು ಹಾಕಿ ಕೊಟ್ಟಾಗಿದೆ. ಬೇಕಿದ್ರೆ ಹೋಗಿ ಹರಾಜಲ್ಲಿ ಕೂಗಿ.”

“ನನ್ನ ತಮ್ಮನ್ನ ನಾನೇ ಕೊಂಡ್ಕೋಬೇಕೇನೋ, ಮುಂಡೇದೆ!” ಅಂದಳು ಕೆಹಿಂಡೆ. ಅಂದರೂ ಮಾರನೆಯ ವಾರ ಮಾರುಕಟ್ಟೆಯ ಹೆಂಗಸರ ಚೀಟಿ ಎತ್ತಿ, ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಅವಳಿಗಳ ಬೆನ್ನಿಗೆ ಹುಟ್ಟಿದ ತಮ್ಮ ಇಡೊವುನದೇ ಬಸ್ಸು. ವಡೆ ಸಾಲಿನ ಹೆಂಗಸರೆಲ್ಲ ಎದ್ದು ನಿಂತು, “ತೈವೊನ್ನ ಕರ್ಕೊಂಡೇ ಬಾರೇ!” ಎಂದು ಕೂಗಿ ಕಳಿಸಿದರು.

ಲಾಗೋಸಿನ ಒಂದು ಹೋಟೆಲಿನ ತಣ್ಣನೆಯ ಹಾಲ್. ಮೇಜಿನ ಮೇಲೆ ಮಡಚುವ ಕ್ಯಾಮೆರಾಗಳು, ತೊಗಲಿನ ಚೀಲಗಳು, ಹಿತ್ತಾಳೆ ಬಳೆಯ ಲೆನ್ಸುಗಳು, ಸಾಲಾಗಿ ಸಂಖ್ಯೆ ಹಚ್ಚಿಸಿಕೊಂಡು ಕೂತಿದ್ದವು. ಊರ ಮದುವೆ ನಾಮಕರಣ ಸಾವುಗಳನ್ನೆಲ್ಲ ಕಂಡ ಕಣ್ಣುಗಳು ಅವು, ಈಗ ಯಾರ ಷೋಕೇಸಿಗೋ ಹೊರಟಿದ್ದವು. ಕೆಹಿಂಡೆಗೂ ಒಂದು ಸಂಖ್ಯೆಯ ಹಲಗೆ ಕೊಟ್ಟರು. ಅವಳು ಅದರಿಂದ ಗಾಳಿ ಬೀಸಿಕೊಳ್ಳಲು ಹೋದಾಗ ಇಡೊವು ಕೈ ಹಿಡಿದ. “ಎತ್ತಬೇಡ ಮಾರಾಯ್ತಿ, ಯಾವುದೋ ಡಬ್ಬ ನಮ್ಮ ತಲೆಗೆ ಕಟ್ತಾರೆ.”

ನಲವತ್ತನೆಯ ಬಾಬ್ತು ಫದೆಯಿಯ ಮರದ ಕ್ಯಾಮೆರಾ. ಜೊತೆಗೆ ‘ಯಾವುದೋ ಕಪ್ಪು ರಟ್ಟು’ ಎಂದು ಓದಿದರು. ಕೆಹಿಂಡೆಗೆ ಮಾತ್ರ ಗೊತ್ತಿತ್ತು ಅದು ಯಾವ ರಟ್ಟು ಎಂದು. ನಲವತ್ತೊಂದನೆಯದು ಬಂದಾಗ ಗೋಡೆಯ ಪರದೆಯ ಮೇಲೆ ಇಬ್ಬರೂ ಆಳೆತ್ತರ ಎದ್ದುಬಂದರು. ಹರಾಜು ಕೂಗುವ ಹೆಂಗಸು ಓದಿದಳು: “ಅವಳಿ ಮಕ್ಕಳು, ಅಕ್ಕ ಮತ್ತು ತಮ್ಮ. ಹುಡುಗನ ಮುಖದ ಮೇಲೆ ಎಣ್ಣೆ ಕಲೆ ಇದೆ.”

ಕೆಹಿಂಡೆ ಹಲಗೆ ಎತ್ತಿದಳು. ಮುಂದಿನ ಸಾಲಿನಲ್ಲಿ ಕನ್ನಡಕದವನೊಬ್ಬ ಎತ್ತಿದ. ಇವಳು ಮತ್ತೆ ಎತ್ತಿದಳು. ಹಾಗೇ ಏರುತ್ತ ಏರುತ್ತ ಅವಳ ಸೊಂಟದ ಗಂಟಿನಲ್ಲಿದ್ದದ್ದು ಮುಗಿದೇ ಹೋಯಿತು. ಕನ್ನಡಕದವನ ಹಲಗೆ ಇನ್ನೂ ಮೇಲೇ ಇತ್ತು.

ಇಡೊವು ಕಿವಿಯಲ್ಲಿ ಪಿಸುಗುಟ್ಟಿದ. “ಅಕ್ಕಾ, ಅವರು ಅವಳಿ ಅಂತ ತಾನೇ ಕೂಗ್ತಿರೋದು? ಅಲ್ಲ ಅಂದ್ಬಿಡು. ಮಾಲು ಸುಳ್ಳು ಅಂತ ಗೊತ್ತಾದ್ರೆ ಯಾವನು ಮುಟ್ತಾನೆ?”

ನಲವತ್ತು ವರ್ಷ ಸಂತೆಯಲ್ಲಿ ಕೂತವಳು. ಮೂಟೆಯಲ್ಲಿ ಹುಳ ಇದೆ ಎಂದರೆ ಸಾಕು, ಅಲಸಂದೆಯ ಬೆಲೆ ಅರ್ಧಕ್ಕಿಳಿಯುತ್ತದೆ. ಅವಳಿಗೆ ಗೊತ್ತಿದ್ದ ವ್ಯಾಪಾರ ಅದು. ಎದ್ದು ನಿಂತಳು.

“ಅದು ಅವಳಿಯಲ್ಲ ಕಣ್ರಮ್ಮ,” ಅಂದಳು. “ಎರಡೂ ನಾನೇ. ಆ ಅಂಗಿಯೊಳಗಿರೋಳೂ ನಾನೇ. ಬೇಕಿದ್ರೆ ನೋಡಿ, ನನ್ನ ಕೈ ಹೇಗೆ ತುಂಡಾಗಿದೆ. ಆ ರಟ್ಟಿಟ್ಟೇ ತೆಗ್ದಿದ್ದು. ಪಕ್ಕದಲ್ಲಿ ಯಾರೂ ಇರಲಿಲ್ಲ. ತೈವೊ ಆಗ್ಲೇ ಸತ್ತೋಗಿದ್ದ.”

ಐವತ್ತಾರು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು. ಬಾಯಿಂದ ಬಿದ್ದ ಮೇಲೆ ಅವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಲ್ಲಿದ್ದವರೆಲ್ಲ ಕತ್ತು ಹೊರಳಿಸಿ ಅವಳನ್ನು ನೋಡಿದರು, ಪರದೆ ನೋಡಿದರು, ಮತ್ತೆ ಅವಳನ್ನು ನೋಡಿದರು. ಹಿಂದಿನ ಸಾಲಿನಲ್ಲಿ ಒಂದು ಹಲಗೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಅದುವರೆಗೆ ಆಕಳಿಸುತ್ತಿದ್ದವರೆಲ್ಲ ಎತ್ತತೊಡಗಿದರು. ಅವಳಿ ಮಕ್ಕಳ ಚಿತ್ರಗಳು ಲಾಗೋಸಿನಲ್ಲಿ ಬೇಕಾದಷ್ಟಿವೆ. ಒಬ್ಬಳೇ ಇಬ್ಬರಾದ ಚಿತ್ರ, ಅದೂ ಆ ಒಬ್ಬಳು ಎದ್ದು ನಿಂತು ಸಾಕ್ಷಿ ಹೇಳಿದ ಚಿತ್ರ, ಯಾರಿಗೆ ಸಿಗುತ್ತದೆ? ಬೆಲೆ ಮೂರು ಪಟ್ಟಾಯಿತು, ಆರು ಪಟ್ಟಾಯಿತು. ಇಡೊವು ತಲೆ ಮೇಲೆ ಕೈ ಹೊತ್ತು ಕುಕ್ಕರಿಸಿದ. ಕೊನೆಗೆ ಸುತ್ತಿಗೆ ಬಡಿದದ್ದು ಕನ್ನಡಕದವನ ಹೆಸರಿಗೇ.

ಅವನು ಒಳ್ಳೆಯವನೇ, ಬೈಯುವ ಹಾಗೂ ಇಲ್ಲ. ಹೊರಗೆ ಬಂದು ಕೆಹಿಂಡೆಯ ಮುಂದೆ ಬಗ್ಗಿ ಕೈ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದ. “ಅಮ್ಮಾ, ಇದರದ್ದೊಂದು ಪ್ರತಿ ಮಾಡ್ಸಿ ನಿಮ್ಮನೆಗೆ ಕಳಿಸ್ತೀನಿ. ಕಲೆಗಿಲೆ ಎಲ್ಲ ತೆಗ್ಸಿ, ಹೊಸದರ ಹಾಗೆ.”

ಆ ಕಲೆ ಅವಳ ತಾಯಿಯ ಬೆರಳು. “ಬೇಡಪ್ಪ,” ಅಂದಳು. “ನನ್ನ ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ.”

ಇಡೊವು ಬಸ್ಸನ್ನು ಇಲೆಶಾದ ದಾರಿಗೆ ತಿರುಗಿಸಿದ. ಲಾಗೋಸ್ ದಾಟುವ ಮುಂಚೆ, ಗಾಡಿಗಳು ಕಿಕ್ಕಿರಿದು ನಿಂತ ಕಡೆ, ಕಿತ್ತಳೆ ಮಾರುವವಳು ಕಿಟಕಿಗೆ ಬಂದಳು. ತಟ್ಟೆಯಲ್ಲಿ ಮೇಲ್ಸಿಪ್ಪೆ ಹೆರೆದ ಹಣ್ಣುಗಳು.

“ಎಷ್ಟು ಕೊಡ್ಲಿ ಅಜ್ಜೀ?”

“ಒಂದು.”

ಇಡೊವು ತಿರುಗಿ ನೋಡಿದ. ಅವನು ಹುಟ್ಟಿದಾಗಿನಿಂದ ಅಕ್ಕ ಒಂದು ಹಣ್ಣು ಕೊಂಡದ್ದನ್ನು ಕಂಡಿರಲಿಲ್ಲ. “ತೈವೊಗೆ?” ಅಂದ ಮೆಲ್ಲಗೆ.

ಕೆಹಿಂಡೆ ಹಣ್ಣನ್ನು ಮಡಿಲಲ್ಲಿಟ್ಟುಕೊಂಡು, ತಿನ್ನದೆ, ಬಂದ ದಾರಿಯ ಕಡೆಗೇ ನೋಡುತ್ತ ಕೂತಿದ್ದಳು. ಕಣ್ಣೀರು ಗಲ್ಲಕ್ಕಿಳಿದಿತ್ತು, ಒರೆಸಿಕೊಳ್ಳಲಿಲ್ಲ.

“ಅವನು ಲಾಗೋಸಲ್ಲೇ ಉಳ್ಕೊಂಡ ಕಣೋ,” ಅಂದಳು. “ನಡಿ.”